ಮಾಜಿ ಸೈನಿಕರನ್ನು ಮಾತಿಗೆ ಕರೆಯುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಸುತ್ತಿನ ಶಾಲೆ, ಯುವಕ ಮಂಡಲ, ಗ್ರಂಥಾಲಯಗಳಲ್ಲಿ ಮಾಜಿ ಸೈನಿಕರನ್ನು ಕೂರಿಸಿಕೊಂಡು ಮಾತಾಡುವ ಸಣ್ಣ ಕೂಟಗಳನ್ನು ನಾವು ಕೆಲವರು ನಡೆಸುತ್ತೇವೆ. ಕಾರ್ಗಿಲ್ ವಿಜಯದ ಜುಲೈ 26, 1971ರ ಯುದ್ಧ ಗೆದ್ದ ಡಿಸೆಂಬರ್ 16 ಹತ್ತಿರ ಬಂತೆಂದರೆ ಫೋನು ಬಡಿದುಕೊಳ್ಳಲು ಶುರು. ಕೆಲವರಿಗೆ "ಒಬ್ಬ ಒಳ್ಳೆ ಮಿಲಿಟ್ರಿಯವರು" ಬೇಕು. ಅಂದರೆ ಮೀಸೆ ಇರುವ, ಗಟ್ಟಿ ಸ್ವರದ, ಮಕ್ಕಳ ಮೈ ನವಿರೇಳಿಸುವವರು. ಇನ್ನು ಕೆಲವರಿಗೆ ಇಂಥ ಕಾರ್ಯಕ್ರಮವೇ ಬೇಡ; ಮಕ್ಕಳ ತಲೆಯಲ್ಲಿ ಯುದ್ಧ ತುಂಬುತ್ತೀರಿ ಎಂದು ತಕರಾರು. ಎರಡೂ ಕಡೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ನಮಗೆ ಕಂಡಂತೆ ಈ ಎರಡೂ ಕಡೆಯವರು, ಸೈನಿಕ ಬಾಯಿ ತೆರೆಯುವ ಮೊದಲೇ, ಆತ ಏನು ಹೇಳಬೇಕು ಎಂದು ತೀರ್ಮಾನ ಮಾಡಿರುತ್ತಾರೆ.

ಯುದ್ಧ ಕಂಡವರು ಆ ಬಗ್ಗೆ ಮಾತೇ ಆಡುವುದಿಲ್ಲ ಅನ್ನುತ್ತಾರಲ್ಲ, ನಿಜವಾ?

ಪೂರ್ತಿ ನಿಜವಲ್ಲ. ಮಾತಾಡುತ್ತಾರೆ, ಬೇಕಾದಷ್ಟು ಮಾತಾಡುತ್ತಾರೆ. ನಾವು ಕಾಯುತ್ತಾ ಕೂತ ವಿಷಯ ಅವರ ಬಾಯಿಂದ ಬರುವುದಿಲ್ಲ, ಅಷ್ಟೆ. ಮಿಲಿಟರಿ ಕ್ಯಾಂಟೀನಿನ ಸಾಲಿನಲ್ಲಿ ಇಬ್ಬರು ಮಾಜಿ ಹವಾಲ್ದಾರರು ಎದುರಾದರೆ ಕೇಳಿ ನೋಡಿ: ಯಾವ ಪಲ್ಟನ್, ಯಾವ ಸೆಕ್ಟರ್, ಆಗ ಸುಬೇದಾರ್ ಮೇಜರ್ ಯಾರು, ರಜೆ ಮಂಜೂರಾಗದ ವರ್ಷ ಯಾವುದು, ಗಡಿಯ ಕಾವಲು ಪೋಸ್ಟಿಗೆ ಸೀಮೆಎಣ್ಣೆ ಹೊತ್ತ ಹೇಸರಗತ್ತೆ ಕಾಲು ಜಾರಿದ್ದು ಎಲ್ಲಿ. ಮಂಗಳೂರಿನಿಂದ ಜಮ್ಮುವಿಗೆ ಹೋಗುವ ನವಯುಗ ಎಕ್ಸ್‌ಪ್ರೆಸ್ಸಿನಲ್ಲಿ ಮೂರು ದಿನ ಕೂತು ಊರಿಗೆ ಬಂದ ಕಥೆಗೇ ಅರ್ಧ ಗಂಟೆ ಬೇಕು. ಗುಂಡಿನ ಮಾತು ಬಂದರೂ ನಡುವೆ ಎಲ್ಲೋ ಒಂದು ವಾಕ್ಯದಲ್ಲಿ ಬಂದು ಹೋಗುತ್ತದೆ, ದನಿ ಏರುವುದಿಲ್ಲ.

ವೇದಿಕೆ ಹತ್ತಿಸಿದರೆ ಇದೇ ವ್ಯಕ್ತಿ ಬೇರೆ ಆಗಿಬಿಡುತ್ತಾರೆ. ಮೈಕ್ ಎದುರು ನಿಂತ ಕೂಡಲೇ ಜನಕ್ಕೆ ಏನು ಬೇಕೆಂದು ಅವರಿಗೆ ಗೊತ್ತಾಗುತ್ತದೆ. ಕಾರ್ಗಿಲ್ ಬಗ್ಗೆ ಟಿವಿಯಲ್ಲಿ ಬಂದ ಮಾತುಗಳನ್ನೇ ಅವರೂ ಹೇಳಿ ಇಳಿಯುತ್ತಾರೆ. ಅದಕ್ಕೇ ನಮ್ಮ ಕೂಟಗಳಲ್ಲಿ ವೇದಿಕೆ ಇಲ್ಲ.

"ಸರ್, ಎಷ್ಟು ಜನರನ್ನು ಕೊಂದಿದ್ದೀರಿ?" ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಏನು ಮಾಡುವುದು?

ಕೇಳುತ್ತಾರೆ, ಮೊದಲ ಹತ್ತು ನಿಮಿಷದಲ್ಲೇ. ಮಗುವನ್ನು ಗದರಬೇಡಿ. ಮೊಬೈಲ್ ಆಟದಲ್ಲಿ ಕೊಂದ ಲೆಕ್ಕ ಪರದೆಯ ಮೂಲೆಯಲ್ಲಿ ಏರುತ್ತಾ ಹೋಗುವುದನ್ನು ನೋಡಿದ ಮಗು ಮತ್ತೇನು ಕೇಳೀತು? ದೊಡ್ಡವರೂ ಇದನ್ನೇ ಕೇಳುತ್ತಾರೆ, ಊಟದ ಹೊತ್ತಿನಲ್ಲಿ, ಸ್ವರ ತಗ್ಗಿಸಿ. ಅದು ಇನ್ನೂ ಕೆಟ್ಟದ್ದು.

ತುಂಬ ಜನ ಸೈನಿಕರಿಗೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್ ಕಡೆ ಬೊಫೋರ್ಸ್ ತೋಪಿನ ಹಿಂದೆ ನಿಂತವರು 20 ಕಿಲೋಮೀಟರಿಗೂ ಆಚೆ ಗುಂಡು ಹಾರಿಸಿದ್ದುಂಟು. ನಕ್ಷೆಯ ಮೇಲಿನ ಒಂದು ಬಿಂದು, ರೇಡಿಯೊದಲ್ಲಿ ಬಂದ ಕೆಲವು ಅಂಕಿ, ಆಮೇಲೆ ಸದ್ದು. ಆ ತುದಿಯಲ್ಲಿ ಯಾರಿದ್ದರೆಂದು ಅವರು ನೋಡಿದ್ದೇ ಇಲ್ಲ. ರಾತ್ರಿ ಕತ್ತಲೆಯಲ್ಲಿ ಬೆಟ್ಟ ಹತ್ತಿದ ಕಾಲಾಳಿಗೂ ತನ್ನ ಗುಂಡು ಯಾರಿಗೆ ತಾಗಿತೆಂದು ಹೇಳಲು ಬರುವುದಿಲ್ಲ. ಇನ್ನು ಖಚಿತವಾಗಿ ಗೊತ್ತಿರುವವರು ಕೆಲವರು. ಅದನ್ನು ಹೆಂಡತಿಗೇ ಹೇಳದವರು ಎಂಟನೇ ತರಗತಿಯ ಎದುರು ಹೇಳಬೇಕೆಂದು ನಾವು ಬಯಸುವುದು ಯಾವ ನ್ಯಾಯ?

ಹಿಂದಿನ ದಿನವೇ ಮಕ್ಕಳ ಜೊತೆ ಕೂತು ಪ್ರಶ್ನೆ ತಯಾರು ಮಾಡಿಸಿ. ಬೆನ್ನ ಮೇಲೆ ಏನೇನು ಹೊತ್ತಿದ್ದಿರಿ? ಪೋಸ್ಟಿನಲ್ಲಿ ಮೊದಲ ರಾತ್ರಿ ಹೇಗಿತ್ತು? ನೀರು ಎಲ್ಲಿಂದ? ಪಕ್ಕದಲ್ಲಿ ಮಲಗುತ್ತಿದ್ದವರು ಯಾವ ಊರಿನವರು, ಅವರ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಿರಿ? ಹೆದರಿಕೆ ಆದಾಗ ಏನು ಮಾಡುತ್ತಿದ್ದಿರಿ? ಈ ಕೊನೆಯ ಪ್ರಶ್ನೆಗೆ ನಮ್ಮಲ್ಲಿ ಯಾರೂ "ಹೆದರಿಕೆಯೇ ಆಗಲಿಲ್ಲ" ಎಂದಿಲ್ಲ.

ಬಂದ ಸೈನಿಕರು ನಗುತ್ತಾ ಹೇಳಿದರು. ನಮಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ನಗು ಬಂದರೆ ನಗಿ. ಸಿಯಾಚಿನ್‌ನಲ್ಲಿ ಮೊಟ್ಟೆ, ಕಿತ್ತಳೆ ಕಲ್ಲಾಗುವುದು, ಅಲ್ಲಿ ಬಹಿರ್ದೆಸೆಗೆ ಹೋಗುವುದೇ ಒಂದು ಆಪರೇಷನ್ ಆಗುವುದು, ಇವೆಲ್ಲ ಅವರು ನಗಿಸಲಿಕ್ಕೆಂದೇ ಹೇಳುವ ಮಾತು. ಆದರೆ ಸಾವಿನ ವಿಷಯವನ್ನೂ ಅದೇ ನಗುವಿನಲ್ಲಿ ಹೇಳಿಬಿಡುವವರು ಇದ್ದಾರೆ. ಕೇಳುವವರಿಗೆ ಅದು ಕಲ್ಲು ಮನಸ್ಸು ಅನ್ನಿಸುತ್ತದೆ. ಆಸ್ಪತ್ರೆಯ ಶವಾಗಾರದವರು, ಆಂಬುಲೆನ್ಸ್ ಚಾಲಕರು ಹೇಗೆ ಮಾತಾಡುತ್ತಾರೆಂದು ಗೊತ್ತಿದ್ದವರಿಗೆ ಹಾಗನ್ನಿಸುವುದಿಲ್ಲ. ದಿನಾ ನೋಡಿದ್ದನ್ನು ದಿನಾ ಅತ್ತು ಮುಗಿಸಲು ಆಗುತ್ತದಾ?

ಯುದ್ಧದ ವೈಭವೀಕರಣ ನನಗೆ ಹಿಡಿಸುವುದಿಲ್ಲ. ಹಾಗೆ ಹೇಳಿದರೆ ಸೈನಿಕರಿಗೆ ಅವಮಾನ ಮಾಡಿದಂತೆ ಆಗುತ್ತದಾ?

ಸೈನಿಕರೇ ಹಾಗೆ ಹೇಳಿದ್ದಾರಲ್ಲ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದು, 10ರಂದು ಕದನ ನಿಂತಾಗ, ಯುದ್ಧ ಯಾಕೆ ನಿಲ್ಲಿಸಿದಿರಿ ಎಂದು ಮನೆಯ ಸೋಫಾದಲ್ಲಿ ಕೂತು ಸಿಟ್ಟಾದವರು ಬಹಳ. ಮರುದಿನ ಪುಣೆಯಲ್ಲಿ ಮಾತಾಡಿದ ಮಾಜಿ ಸೇನಾ ಮುಖ್ಯಸ್ಥ ಜನರಲ್ ಮನೋಜ್ ನರವಣೆ ಅವರು, ಯುದ್ಧ ರಮ್ಯವಾದ ಸಂಗತಿಯಲ್ಲ, ಬಾಲಿವುಡ್ ಸಿನಿಮಾವೂ ಅಲ್ಲ ಎಂಬರ್ಥದ ಮಾತು ಹೇಳಿದರು. ಆದೇಶ ಬಂದರೆ ಹೋಗುತ್ತೇನೆ, ಆದರೆ ಅದು ನನ್ನ ಮೊದಲ ಆಯ್ಕೆ ಅಲ್ಲ ಎಂದರು. ಗಡಿಯಲ್ಲಿ ಶೆಲ್ ಬೀಳುವಾಗ ರಾತ್ರೋರಾತ್ರಿ ಓಡಿದ ಮಕ್ಕಳ ಮನಸ್ಸಿನ ಮೇಲಾಗುವ ಗಾಯವನ್ನೂ ಹೇಳಿದರು. ಅವರ ಅನುಭವದ ಎದುರು ನಮ್ಮ ವಾಟ್ಸಾಪ್ ಸ್ಟೇಟಸ್‌ನ ಶೌರ್ಯ ಎಷ್ಟರದ್ದು?

ಅದೇ ದಿನಗಳಲ್ಲಿ ಟಿವಿ ಚಾನೆಲ್‌ಗಳು ಸುದ್ದಿಯ ಹಿನ್ನೆಲೆಗೆ ವಾಯುದಾಳಿಯ ಸೈರನ್ ಹಾಕತೊಡಗಿದ್ದವು. ಆ ಸದ್ದನ್ನು ಕಾರ್ಯಕ್ರಮಗಳಲ್ಲಿ ಬಳಸಬೇಡಿ, ಜನ ನಿಜವಾದ ಸೈರನ್ನನ್ನೂ ಅಸಡ್ಡೆ ಮಾಡಿಯಾರು ಎಂದು ಸರಕಾರವೇ ಸೂಚನೆ ಕೊಡಬೇಕಾಯಿತು.

ಆದರೆ ಯುದ್ಧ ಹಿಡಿಸದವರಿಗೂ ಒಂದು ಮಾತು ಹೇಳಬೇಕು. ಕೂಟಕ್ಕೆ ಬಂದ ಸೈನಿಕರು ಸೇನೆಯನ್ನು ಪ್ರೀತಿಸುತ್ತಾರೆ ಎಂದರೆ ನಿಮ್ಮ ಮುಖ ಬಾಡಬಾರದು. ಅನೇಕರಿಗೆ ಬದುಕಿನ ಅತ್ಯುತ್ತಮ ವರ್ಷಗಳು ಅಲ್ಲೇ ಕಳೆದವು. "ಇನ್ನೊಮ್ಮೆ ಕರೆದರೆ ಹೋಗುತ್ತೇನೆ" ಎಂದು ಎಪ್ಪತ್ತು ದಾಟಿದವರೂ ಹೇಳುತ್ತಾರೆ, ಮನಸ್ಸಿಟ್ಟೇ ಹೇಳುತ್ತಾರೆ. ಯುದ್ಧ ಕೆಟ್ಟದ್ದೆಂದು ಅವರ ಬಾಯಿಂದ ಹೊರಡಿಸಲೇಬೇಕೆಂದು ಸುತ್ತಿ ಬಳಸಿ ಪ್ರಶ್ನೆ ಹಾಕುವ ಉಪನ್ಯಾಸಕರನ್ನು ನೋಡಿದ್ದೇವೆ. ಜೈಕಾರ ಹಾಕಿಸುವವರಿಗೂ ಅವರಿಗೂ ಏನು ವ್ಯತ್ಯಾಸ? ಇಬ್ಬರಿಗೂ ಬೇಕಾದ್ದು ತಮ್ಮ ಮಾತಿಗೆ ಒಂದು ಸಮವಸ್ತ್ರ.

ನಾವೇ ವೀರರಸದ ಜನ ಅಲ್ವಾ? ಯಕ್ಷಗಾನ, ಗರಡಿ, ವೀರಗಲ್ಲು ಎಲ್ಲ ಇರುವ ಊರಿನಲ್ಲಿ ಈ ಮುಜುಗರ ಯಾಕೆ?

ಇದು ನಮಗೆ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದಕ್ಕೆ ಹೋಗುತ್ತೇವೆ.

ಚೆಂಡೆಯ ಪೆಟ್ಟಿಗೆ ರಕ್ತ ಬಿಸಿಯಾಗದವರು ಕರಾವಳಿಯಲ್ಲಿ ಕಡಿಮೆ. ನಮಗೂ ಆಗುತ್ತದೆ. ಅದನ್ನು ಮುಚ್ಚಿಟ್ಟು ಶಾಂತಿಯ ಪಾಠ ಹೇಳಿದರೆ ಯಾರೂ ನಂಬುವುದಿಲ್ಲ. ಆದರೆ ರಂಗಸ್ಥಳದ ಕಾಳಗ ಯಾರನ್ನೂ ಮೋಸ ಮಾಡುವುದಿಲ್ಲ. ಕಿರೀಟ, ಬಣ್ಣ, ಗಿರಕಿ ಎಲ್ಲವೂ ಇದು ಆಟ ಎಂದು ಸಾರುತ್ತಲೇ ಇರುತ್ತವೆ. ಬಿದ್ದ ವೇಷಧಾರಿ ಎದ್ದು ಬಣ್ಣ ಹಚ್ಚುವ ಚೌಕಿಗೆ ಹೋಗಿ ಚಾ ಕುಡಿಯುತ್ತಾರೆ. ಸುದ್ದಿ ವಾಹಿನಿಯ ಗ್ರಾಫಿಕ್ಸ್ ವಿಮಾನಕ್ಕೆ ಆ ಪ್ರಾಮಾಣಿಕತೆ ಇಲ್ಲ.

ಇನ್ನು ತಾಳಮದ್ದಳೆ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಕೃಷ್ಣ ಸಂಧಾನಕ್ಕೆ ಹೋಗುವ ಪ್ರಸಂಗಕ್ಕೆ ಜನ ಕಾಳಗದಷ್ಟೇ ಆಸೆಯಿಂದ ಕೂರುತ್ತಾರೆ. ಯುದ್ಧ ಆಗುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಅದನ್ನು ತಪ್ಪಿಸಲು ಆಡುವ ಒಂದೊಂದು ಮಾತಿಗೂ ಕಿವಿಗೊಟ್ಟು, ಕೌರವ ಎಲ್ಲಿ ಸೋತ, ಕೃಷ್ಣ ಎಲ್ಲಿ ಜಾರಿದ ಎಂದು ಮರುದಿನ ಹೋಟೆಲಿನಲ್ಲಿ ಚರ್ಚೆ ಮಾಡುತ್ತಾರೆ. ಯುದ್ಧಕ್ಕೆ ಮೊದಲಿನ ಮಾತಿಗೆ ಇಷ್ಟು ಬೆಲೆ ಕೊಟ್ಟ ಊರಿಗೆ ಮುಜುಗರ ಹೊರಗಿನಿಂದ ಬಂದದ್ದೇನಲ್ಲ.

ವೀರಗಲ್ಲು ನೋಡಬೇಕಾದರೆ ಬಾರಕೂರು ಕಡೆ ಹೋಗಿ. ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ಹೋರಾಟ, ನಡುವೆ ಸತ್ತವನನ್ನು ಅಪ್ಸರೆಯರು ಎತ್ತಿ ಒಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಖಂಡಿತ ವೈಭವೀಕರಣವೇ. ಆದರೆ ಕಲ್ಲು ನೆಟ್ಟದ್ದು ಸತ್ತವನಿಗೆ. ಗೆದ್ದ ರಾಜನ ಮೆರವಣಿಗೆಗೆ ಅದರಲ್ಲಿ ಜಾಗವಿಲ್ಲ. ಎಷ್ಟೋ ಕಡೆ ಜಗಳ ಶುರುವಾದದ್ದು ದನಗಳ ಸಲುವಾಗಿ. ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಕಥೆಯಲ್ಲೂ ಎಣ್ಮೂರಿನ ಕಾಳಗದಲ್ಲಿ ಕೋಟಿ ಬಿದ್ದ ಮೇಲೆ ಚೆನ್ನಯ ಬದುಕಿ ಉಳಿಯುವುದಿಲ್ಲ. ಅವರನ್ನು ಪೂಜಿಸುವ ಗರಡಿಯಲ್ಲಿ ಕೈ ಮುಗಿಯುವ ಅಜ್ಜಿಗೆ ಅವರ ಪರಾಕ್ರಮದಷ್ಟೇ ಅವರಿಗಾದ ಅನ್ಯಾಯವೂ ನೆನಪಿರುತ್ತದೆ.

ಗಡಿಯಿಂದ ಇಷ್ಟು ದೂರ ಇರುವ ನಮಗೆ ಯುದ್ಧದ ಬಗ್ಗೆ ಮಾತಾಡಲು ಏನು ಹಕ್ಕು?

ಗಡಿಯಂಚಿನ ಪೂಂಛ್, ಉರಿ ಊರುಗಳ ಜನಕ್ಕೆ ಇರುವಷ್ಟು ಇಲ್ಲ, ಒಪ್ಪಿದೆವು. ಆದರೆ ಮಂಗಳೂರಿಗೆ ಯುದ್ಧ ಬಂದೇ ಇಲ್ಲ ಅನ್ನಬೇಡಿ. 1783ರಲ್ಲಿ ಟಿಪ್ಪುವಿನ ಸೈನ್ಯ ಇಲ್ಲಿನ ಕೋಟೆಗೆ ಮುತ್ತಿಗೆ ಹಾಕಿತ್ತು. ಒಳಗಿದ್ದ ಇಂಗ್ಲಿಷ್ ಕಂಪನಿಯ ಪಡೆ ತಿಂಗಳುಗಟ್ಟಲೆ ಹಸಿವು, ಕಾಯಿಲೆಯಲ್ಲಿ ನರಳಿ 1784ರ ಜನವರಿಯಲ್ಲಿ ಕೋಟೆ ಬಿಟ್ಟುಕೊಟ್ಟಿತು. ಆ ವರ್ಷದ ಮಾರ್ಚ್ 11ರ ಒಪ್ಪಂದಕ್ಕೆ ನಮ್ಮ ಊರಿನದೇ ಹೆಸರು. ಅದೇ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆ ಹೋದ ನೆನಪನ್ನು ಇಲ್ಲಿನ ಕೊಂಕಣಿ ಕ್ರೈಸ್ತ ಮನೆಗಳು ಇನ್ನೂ ಇಟ್ಟುಕೊಂಡಿವೆ. ಟಿಪ್ಪು ಕಾಲದ ಕಾವಲು ಬುರುಜು ಸುಲ್ತಾನ್ ಬತ್ತೇರಿಗೆ ಈಗ ನಾವು ಸಂಜೆ ಫೋಟೊ ತೆಗೆಯಲು ಹೋಗುತ್ತೇವೆ.

ಎಲ್ಲ ಮಾಜಿ ಸೈನಿಕರೂ ಯುದ್ಧ ಮಾಡಿದವರೇ?

ಅಲ್ಲ. ಟ್ರಕ್ ಓಡಿಸಿದವರು, ವರ್ಕ್‌ಶಾಪಿನಲ್ಲಿ ಗೇರ್‌ಬಾಕ್ಸ್ ಬಿಚ್ಚಿದವರು, ಸಿಗ್ನಲ್ಸ್‌ನಲ್ಲಿ ತಂತಿ ಎಳೆದವರು, ಅಡುಗೆ ಮಾಡಿದವರು, ಗುಮಾಸ್ತರಾಗಿದ್ದವರು ಸೇನೆಯಲ್ಲಿ ಬೇಕಾದಷ್ಟು. "ನಾನು ಯುದ್ಧ ನೋಡಿಲ್ಲ, ನನ್ನನ್ನು ಯಾಕೆ ಕರೆಯುತ್ತೀರಿ" ಎಂದು ಇವರು ಸಂಕೋಚಪಡುತ್ತಾರೆ. ದಯವಿಟ್ಟು ಇವರನ್ನೇ ಕರೆಯಿರಿ. ಕಾರ್ಗಿಲ್ ದಾರಿಯ ಝೋಜಿಲಾ ಕಣಿವೆ ದಾಟಿ ರಸ್ತೆ ಮೇಲೆ ಶೆಲ್ ಬೀಳುವಾಗ ದೀಪ ಆರಿಸಿಕೊಂಡು ಟ್ರಕ್ ಓಡಿಸುವುದು ಏನೆಂದು ಕೇಳಿದರೆ ಮಕ್ಕಳಿಗೆ ಸೇನೆ ಹೇಗೆ ನಡೆಯುತ್ತದೆಂದು ತಿಳಿಯುತ್ತದೆ.

ಶತ್ರುವಿನ ಗುಂಡಿಲ್ಲದೆಯೂ ಸಾವು ಬರುತ್ತದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮಕುಸಿತದಲ್ಲಿ ಸಿಕ್ಕಿಬಿದ್ದ ಹತ್ತು ಮಂದಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಜೀವ ಹಿಡಿದಿದ್ದರು. ಇಡೀ ಕರ್ನಾಟಕ ಹರಕೆ ಹೊತ್ತಿತು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿ 2003ರಿಂದಲೇ ಕದನವಿರಾಮ ಇತ್ತು.

ನಮ್ಮ ಕಡೆ ನೌಕಾಪಡೆಗೆ ಹೋದವರೂ ಇದ್ದಾರೆ. 1971ರ ಡಿಸೆಂಬರ್ 9ರಂದು ದಿಯು ಬಳಿ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಮುಳುಗಿದಾಗ 18 ಅಧಿಕಾರಿಗಳು, 176 ನಾವಿಕರು ಹೋದರು. ಕಡಲಿನಲ್ಲಿ ಸತ್ತವರಿಗೆ ಬೆಟ್ಟವೂ ಇಲ್ಲ, ಧ್ವಜ ನೆಟ್ಟ ಫೋಟೊವೂ ಇಲ್ಲ. ಮಲ್ಪೆ, ಗಂಗೊಳ್ಳಿಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶ್ರೀಲಂಕಾಕ್ಕೆ ಹೋಗಿ ಬಂದವರು ಒಬ್ಬರಿದ್ದಾರೆ. ಕರೆದರೆ ವಿವಾದ ಆದೀತಾ?

ಆಗುವುದಿಲ್ಲ. ಯಾರೂ ಕರೆಯದಿರುವುದೇ ವಿವಾದ ಆಗಬೇಕಿತ್ತು.

1987ರ ಜುಲೈಯ ಭಾರತ-ಶ್ರೀಲಂಕಾ ಒಪ್ಪಂದದ ನಂತರ ಶಾಂತಿಪಾಲನೆಗೆಂದು ಹೋದ ನಮ್ಮ ಪಡೆ ಅಕ್ಟೋಬರಿನಲ್ಲಿ ಜಾಫ್ನಾದ ಗಲ್ಲಿಗಳಲ್ಲಿ ತಮಿಳು ಬಂಡುಕೋರರಾದ ಎಲ್‌ಟಿಟಿಇ ಜೊತೆ ಹೋರಾಡುತ್ತಿತ್ತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ವಾಪಸಾಗುವ ಹೊತ್ತಿಗೆ ಸುಮಾರು 1,200 ಮಂದಿ ಸತ್ತಿದ್ದರು. ಚೆನ್ನೈಗೆ ಬಂದಿಳಿದವರನ್ನು ಸ್ವಾಗತಿಸಲು ಅಲ್ಲಿನ ಮುಖ್ಯಮಂತ್ರಿ ಹೋಗಲಿಲ್ಲ. ಕಾರ್ಗಿಲ್‌ನ 527 ಮಂದಿಗೆ ಜುಲೈ 26 ಇದೆ. ಶಾಲೆಯ ಕ್ಯಾಲೆಂಡರಿನಲ್ಲಿ ಇವರಿಗೆ ದಿನವೇ ಇಲ್ಲ.

ಕಾರ್ಗಿಲ್‌ನವರಿಗೆ ಕಥೆಯ ಕೊನೆಯನ್ನು ಜನವೇ ಕಟ್ಟಿಕೊಟ್ಟಿದ್ದಾರೆ: ಗೆದ್ದೆವು. ಅಲ್ಲಿಂದ ಹಿಂದಕ್ಕೆ ಹೇಳಿಕೊಂಡು ಹೋದರಾಯಿತು. ಜಾಫ್ನಾಕ್ಕೆ ಹೋದವರಿಗೆ ಆ ಸೌಕರ್ಯ ಇಲ್ಲ. ಹೋಗುವಾಗ ಹಾರ ಹಾಕಿದ ಜನವೇ ಆಮೇಲೆ ಬಾಗಿಲು ಹಾಕಿಕೊಂಡರು ಎಂದು ಒಬ್ಬರು ಹೇಳಿದರು. ಅಂಗಡಿಯಲ್ಲಿ ಬಾಳೆಹಣ್ಣು ಕೊಡುವವನಿಗೂ ಬಾಂಬು ಇಡುವವನಿಗೂ ಒಂದೇ ಲುಂಗಿ. ಇವರ ಮಾತಿನಲ್ಲಿ ಜೈಕಾರಕ್ಕೆ ಎಡೆಯೇ ಸಿಗುವುದಿಲ್ಲ, ಆದ್ದರಿಂದ ಕಾರ್ಯಕ್ರಮದ ಕೊನೆ ಸಪ್ಪೆಯಾಗುತ್ತದೆ ಎಂದು ಸಂಘಟಕರಿಗೆ ಅಳುಕು. ಆಗಲಿ ಬಿಡಿ. ನಮ್ಮ ಕೂಟಗಳಲ್ಲಿ ಅತಿ ಹೆಚ್ಚು ಪ್ರಶ್ನೆ ಬಂದದ್ದು ಇವರಿಗೇ.

ಶತ್ರು ದೇಶದ ಸೈನಿಕರ ಬಗ್ಗೆ ಕೇಳಬಹುದಾ?

ಕೇಳಿ. ನಾಗರಿಕರ ದ್ವೇಷಕ್ಕೂ ಸೈನಿಕರ ದ್ವೇಷಕ್ಕೂ ಬಣ್ಣ ಬೇರೆ. ಟೈಗರ್ ಹಿಲ್ ಕಾಳಗದಲ್ಲಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಎಂಬುದು ಆತನ ಹೆಸರೇ, ದರ್ಜೆಯಲ್ಲ) ಎಷ್ಟು ಧೈರ್ಯದಿಂದ ಹೋರಾಡಿದನೆಂದು ಬರೆದು, ಶವದ ಜೇಬಿನಲ್ಲಿ ಚೀಟಿ ಇಟ್ಟು ಕಳುಹಿಸಿದವರು ಭಾರತದ ಬ್ರಿಗೇಡಿಯರ್. ಪಾಕಿಸ್ತಾನ ಆತನಿಗೆ ತನ್ನ ಅತ್ಯುನ್ನತ ಪದಕ ಕೊಟ್ಟಿತು. ತಮ್ಮವರೆಂದು ಆ ದೇಶ ಒಪ್ಪಿಕೊಳ್ಳದ ಎಷ್ಟೋ ಶವಗಳನ್ನು ನಮ್ಮ ಸೈನಿಕರೇ ಅಲ್ಲಿ ಧಾರ್ಮಿಕ ವಿಧಿಯಂತೆ ದಫನ ಮಾಡಿದರು. ಇದನ್ನು ಹೇಳಿದಾಗ ಸಭೆಯಲ್ಲಿ ಯಾರಾದರೂ ಗೊಣಗಿದರೆ ಸೈನಿಕರೇ ಉತ್ತರಿಸಲಿ, ನೀವು ನಡುವೆ ಬರಬೇಡಿ.

ಕೂಟದ ದಿನ ಪಟಾಕಿ, ಗರ್ನಾಲು ಬೇಡ ಅನ್ನುತ್ತೀರಿ. ಅಷ್ಟು ಸೂಕ್ಷ್ಮವಾ?

ಎಲ್ಲರಿಗೂ ಅಲ್ಲ. ಜಾತ್ರೆಯ ಗರ್ನಾಲಿಗೆ ಮುಂದೆ ನಿಂತು ಚಪ್ಪಾಳೆ ತಟ್ಟುವ ಮಾಜಿ ಸೈನಿಕರಿದ್ದಾರೆ. ಆ ರಾತ್ರಿ ನೆಂಟರ ಮನೆಗೆಂದು ಊರು ಬಿಡುವವರೂ ಇದ್ದಾರೆ. ನಿಮ್ಮ ಅತಿಥಿ ಯಾವ ಬಗೆ ಎಂದು ನಿಮಗೆ ತಿಳಿಯದು, ಆದ್ದರಿಂದ ಬೇಡ. ಹಾಗೆಂದು ಮಾಜಿ ಸೈನಿಕರನ್ನೆಲ್ಲ ಮನೋರೋಗಿಗಳಂತೆ ನೋಡುವುದೂ ಬೇಡ. ಸಿನಿಮಾ ನೋಡಿ ಬಂದ ಅಭ್ಯಾಸ ಅದು. ನಿದ್ದೆ ಇಲ್ಲ, ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು ವರ್ಷಗಟ್ಟಲೆ ಇದೆ ಎಂದು ಮನೆಯವರು ಹೇಳಿಕೊಂಡರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಪಾಲಿಕ್ಲಿನಿಕ್ ಇದೆ, ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. "ಎರಡು ಪೆಗ್ ಹಾಕಿದರೆ ಸರಿಯಾಗುತ್ತದೆ" ಎಂಬ ಸಲಹೆ ನಮ್ಮ ಊರಲ್ಲಿ ಧಾರಾಳ ಸಿಗುತ್ತದೆ.

ಹೆಂಡತಿಯನ್ನೂ ಕರೆಯಬಹುದಾ?

ಕರೆಯಲೇಬೇಕು. ಶಾಲು ಹೊದಿಸುವ ಹೊತ್ತಿಗೆ ಪಕ್ಕದಲ್ಲಿ ನಿಲ್ಲಿಸಲಿಕ್ಕಲ್ಲ, ಮಾತಾಡಿಸಲಿಕ್ಕೆ. 56 ಎಪಿಒ ಎಂಬ ಸೇನಾ ಅಂಚೆಯ ವಿಳಾಸ ಮಾತ್ರ ಗೊತ್ತಿದ್ದು, ಗಂಡ ಯಾವ ಊರಿನಲ್ಲಿದ್ದಾರೆಂದು ತಿಳಿಯದೆ ಇನ್‌ಲ್ಯಾಂಡ್ ಪತ್ರ ಬರೆದವರು ಇವರು. ಉತ್ತರ ಬಂದಾಗ ಅದು ವಾರಗಳ ಹಿಂದಿನದು. ಬರೆದ ಕೈ ಈಗಲೂ ಸುಖವಾಗಿದೆಯೇ ಎಂಬುದಕ್ಕೆ ಪತ್ರದಲ್ಲಿ ಉತ್ತರ ಇರುವುದಿಲ್ಲ. ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆಗಳಲ್ಲಿ ಹೆಣ್ಣುಮಕ್ಕಳು ತಾಯಿಮನೆಯಲ್ಲೇ ಇದ್ದುದರಿಂದ ಸ್ವಲ್ಪ ಹಗುರ ಆಯಿತು ಎನ್ನುವವರಿದ್ದಾರೆ. ನಿವೃತ್ತಿಯಾಗಿ ಬಂದ ಗಂಡ ಬೆಳಿಗ್ಗೆ ಐದಕ್ಕೆ ಮನೆಯವರನ್ನೆಲ್ಲ ಎಬ್ಬಿಸಿ ಚಪ್ಪಲಿ ಸಾಲಾಗಿ ಇಡಿಸಿದ್ದನ್ನು ಅವರು ಹೇಳಿದರೆ ಇಡೀ ಸಭೆ ನಗುತ್ತದೆ, ಗಂಡನೂ ನಗುತ್ತಾರೆ.

ಉತ್ಪ್ರೇಕ್ಷೆ ಮಾಡುತ್ತಿದ್ದಾರೆ ಅನ್ನಿಸಿದರೆ?

ಸುಮ್ಮನಿರಿ. ಮಗ್ಗುಲಲ್ಲಿ ಇನ್ನೊಬ್ಬ ಮಾಜಿ ಸೈನಿಕರನ್ನು ಕೂರಿಸಿದರೆ ಉತ್ಪ್ರೇಕ್ಷೆ ತನ್ನಷ್ಟಕ್ಕೇ ಇಳಿಯುತ್ತದೆ. ಇದು ಅನುಭವದ ಮಾತು.

ಕೇಳಿದ ಮಕ್ಕಳು ಸೇನೆಗೆ ಸೇರುತ್ತೇನೆ ಅಂದರೆ? ಬೇಡ ಅಂದರೆ?

ಎರಡೂ ಆಗಿದೆ. ನಾವು ಭರ್ತಿ ಕಚೇರಿಯೂ ಅಲ್ಲ, ಅದರ ವಿರೋಧಿಗಳೂ ಅಲ್ಲ. ಸೇನೆಗೆ ಭರ್ತಿ ಮಾಡಿಕೊಳ್ಳುವ ಅಗ್ನಿಪಥ ಯೋಜನೆ 2022ರಲ್ಲಿ ಬಂತು. ನಾಲ್ಕು ವರ್ಷದ ಸೇವೆ, ಆಮೇಲೆ ಒಂದು ತಂಡದ ಶೇಕಡಾ 25ರಷ್ಟು ಮಂದಿಯನ್ನು ಉಳಿಸಿಕೊಳ್ಳುವುದೆಂದು ಆಗ ಪ್ರಕಟಿಸಿದರು. ಹಳಬರಿಗೆ ಸಿಕ್ಕಿದ ಪಿಂಚಣಿ ನಾಲ್ಕು ವರ್ಷಕ್ಕೆ ಹೊರಬರುವವರಿಗಿಲ್ಲ. ಈ ಲೆಕ್ಕವನ್ನು ಮಕ್ಕಳ ಎದುರು ಬಿಡಿಸಿ ಹೇಳುವ ಮಾಜಿ ಸುಬೇದಾರರನ್ನು ಕರೆಯಿರಿ. ದೇಶಪ್ರೇಮದ ಭಾಷಣಕ್ಕಿಂತ ಇದನ್ನು ಪೋಷಕರು ಗಮನ ಕೊಟ್ಟು ಕೇಳುತ್ತಾರೆ. ಹಿಂದೆಲ್ಲ ಸೇನೆಯಿಂದ ಬಂದವರು ನಮ್ಮ ಊರಿನ ಬ್ಯಾಂಕುಗಳ ಬಾಗಿಲಲ್ಲಿ ಕೋವಿ ಹಿಡಿದು ನಿಲ್ಲುತ್ತಿದ್ದರು. ಹಣ ಕಟ್ಟಲು ಹೋದ ನಾವು ಅವರ ಹೆಸರು ಕೇಳಿದ್ದುಂಟಾ?

ವಿಡಿಯೊ ಮಾಡಿ ಹಾಕಬಹುದಾ?

ಅವರು ಒಪ್ಪಿದರೆ, ಪೂರ್ತಿಯಾಗಿ. ಮೂವತ್ತು ಸೆಕೆಂಡು ಕತ್ತರಿಸಿ, ಹಿಂದೆ ಸಿನಿಮಾ ಸಂಗೀತ ಕೂಡಿಸಿ ರೀಲ್ಸ್ ಮಾಡುವುದಾದರೆ ಬೇಡ. ಈಚೆಗೆ ನಿವೃತ್ತರಾದವರು ಪೋಸ್ಟಿನ ಜಾಗ, ಯೂನಿಟ್ಟಿನ ವಿವರ ಹೇಳಿದ್ದರೆ ಅದನ್ನು ಹಾಕುವ ಮೊದಲು ಅವರಿಗೇ ತೋರಿಸಿ.

ಶಾಲು, ಹಾರ, ಫಲತಾಂಬೂಲ, ಗೌರವಧನ ಎಲ್ಲ ಹೇಗೆ?

ಶಾಲು ಹೊದಿಸಿ, ಬೇಡ ಅನ್ನುವುದಿಲ್ಲ. ನಮ್ಮ ಊರಿನ ಮರ್ಯಾದೆ ಅದು. ಆದರೆ ಸನ್ಮಾನ ಪತ್ರದಲ್ಲಿ "ರಣರಂಗದ ಹುಲಿ" ಎಂದೆಲ್ಲ ಬರೆಸಿ ಓದಿಸಬೇಡಿ. ಟ್ರಕ್ ಓಡಿಸಿದವರು ತಲೆ ತಗ್ಗಿಸಿ ಕೂರಬೇಕಾಗುತ್ತದೆ. ಅಧ್ಯಕ್ಷರು, ಮುಖ್ಯ ಅತಿಥಿಗಳು ಒಂದು ಗಂಟೆ ಮಾತಾಡಿ ಸೈನಿಕರಿಗೆ ಹತ್ತು ನಿಮಿಷ ಉಳಿಸುವ ಪದ್ಧತಿ ಇದ್ದರೆ ನಮ್ಮನ್ನು ಕೇಳಬೇಡಿ. ಕುರ್ಚಿಗಳನ್ನು ವೃತ್ತವಾಗಿ ಹಾಕಿ, ಮೂವತ್ತು ಜನಕ್ಕಿಂತ ಹೆಚ್ಚು ಬೇಡ. ಗೌರವಧನ ಹೆಚ್ಚಿನವರು ತೆಗೆದುಕೊಳ್ಳುವುದಿಲ್ಲ, ಹೋಗಿ ಬರುವ ಕಾರಿನ ವ್ಯವಸ್ಥೆ ಮಾತ್ರ ನೀವೇ ಮಾಡಿ. ಎಪ್ಪತ್ತೈದರ ವಯಸ್ಸಿನವರನ್ನು ಕಾರ್ಕಳದಿಂದ ಬಸ್ಸಿಗೆ ಬರಹೇಳಿದ ಸಂಘಟಕರನ್ನು ಕಂಡಿದ್ದೇವೆ. ಪಾಲಿಕ್ಲಿನಿಕ್‌ಗೆ ಹೋಗುವ ದಿನ, ಕ್ಯಾಂಟೀನ್ ತೆರೆಯುವ ದಿನ ಯಾವುದೆಂದು ಮೊದಲೇ ಕೇಳಿ ತಾರೀಖು ಹಾಕಿ. ಆ ಎರಡು ದಿನ ಕರೆದರೆ ಯಾರೂ ಬರುವುದಿಲ್ಲ.